ಪಿ ಸೈಕಲ್, ಸಿ ಸೈಕಲ್: ಎಂಜಿನಿಯರಿಂಗ್ ಮೊದಲ ವರ್ಷವನ್ನು ಓದುವ ಕ್ರಮ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಒಳಪಟ್ಟ ಕಾಲೇಜಿಗೆ ಹೊಸದಾಗಿ ಸೇರಿದವರನ್ನು ಹಿರಿಯ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ‘ನಿಂದು ಪಿ ಸೈಕಲ್ಲೋ, ಸಿ ಸೈಕಲ್ಲೋ’ ಎಂಬುದು. ಒಂದು ಪಾಲು ವಿದ್ಯಾರ್ಥಿಗಳು ಮೊದಲ ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರದ ಗುಂಪನ್ನೂ (ಪಿ, ಅಂದರೆ ಫಿಸಿಕ್ಸ್) ಇನ್ನೊಂದು ಪಾಲಿನವರು ರಸಾಯನಶಾಸ್ತ್ರದ ಗುಂಪನ್ನೂ (ಸಿ, ಅಂದರೆ ಕೆಮಿಸ್ಟ್ರಿ) ಓದಿ, ಎರಡನೆಯ ಸೆಮಿಸ್ಟರ್‌ನಲ್ಲಿ ಅದಲುಬದಲಾಗುತ್ತಾರೆ. ಗಣಿತ ಮಾತ್ರ ಎರಡೂ ಕಡೆ ಇರುತ್ತದೆ. ವೇಳಾಪಟ್ಟಿಗೂ ಪ್ರಯೋಗಾಲಯಗಳಿಗೂ ಅನುಕೂಲವಾದ ಈ ವಿಂಗಡಣೆಯನ್ನೇ ಓದಿನ ವಿಂಗಡಣೆ ಎಂದು ತಿಳಿದು, ‘ಪಿ ಸೈಕಲ್ ಮುಗಿಯಿತು, ಇನ್ನು ಆ ಪುಸ್ತಕಗಳ ಕಡೆ ನೋಡಬೇಕಿಲ್ಲ’ ಎಂದು ಪೆಟ್ಟಿಗೆಗೆ ಹಾಕುವವರು ಮೂರನೆಯ ಸೆಮಿಸ್ಟರ್‌ನಲ್ಲಿ ತಡಬಡಾಯಿಸುತ್ತಾರೆ.

ಓದುವವನಿಗೆ ಉಪಯೋಗವಾಗುವ ವಿಂಗಡಣೆ ಬೇರೆಯದೇ ಇದೆ. ಗಣಿತ, ಮೆಕ್ಯಾನಿಕ್ಸ್, ವಿದ್ಯುತ್ ಮಂಡಲಗಳು, ಸಿ ಪ್ರೋಗ್ರಾಮಿಂಗ್, ಡ್ರಾಯಿಂಗ್ ಇವೆಲ್ಲ ಕೈಗೆ ಹತ್ತಬೇಕಾದ ವಿಷಯಗಳು. ಎಷ್ಟು ಸಲ ಕಣ್ಣಾಡಿಸಿದರೂ ಪೆನ್ನು ಹಿಡಿದು ಮಾಡದೆ ಬರುವುದಿಲ್ಲ. ರಸಾಯನಶಾಸ್ತ್ರ, ಭೌತಶಾಸ್ತ್ರದ ವಿವರಣಾತ್ಮಕ ಭಾಗ, ಸಿವಿಲ್ ಮತ್ತು ಮೆಕ್ಯಾನಿಕಲ್ ಪರಿಚಯದ ಪತ್ರಿಕೆಗಳು, ಸಂವಿಧಾನ ಮುಂತಾದವು ಓದಿ, ಅರ್ಥಮಾಡಿಕೊಂಡು, ನೆನಪಿಡಬೇಕಾದವು. ಮೊದಲ ಬಗೆಯವಕ್ಕೆ ದಿನಕ್ಕೆ ಒಂದೊಂದೂವರೆ ಗಂಟೆಯಾದರೂ ತಪ್ಪದೆ ಕೊಡಬೇಕು. ಎರಡನೆಯ ಬಗೆಯವನ್ನು ವಾರಕ್ಕೊಮ್ಮೆ ಕುಳಿತು ಮುಗಿಸಿದರೂ ನಡೆಯುತ್ತದೆ, ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಗಟ್ಟಿಮಾಡಿಕೊಳ್ಳಲೂಬಹುದು. ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ: ಸೆಮಿಸ್ಟರ್ ಉದ್ದಕ್ಕೂ ನೋಟ್ಸ್ ಓದುತ್ತಾ ಕೂತು, ಗಣಿತವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳುತ್ತಾರೆ.

ಮೊದಲು ಸ್ಕೀಮ್ ಮತ್ತು ಸಿಲಬಸ್

ಕ್ಲಾಸು ಆರಂಭವಾದ ವಾರದಲ್ಲೇ ವಿಶ್ವವಿದ್ಯಾಲಯದ ಜಾಲತಾಣದಿಂದ ತಮ್ಮ ಸ್ಕೀಮಿನ (ಆಯಾ ವರ್ಷ ಸೇರಿದವರಿಗೆ ಅನ್ವಯಿಸುವ ಪಠ್ಯ ಮತ್ತು ಪರೀಕ್ಷೆಯ ಯೋಜನೆ) ಸಿಲಬಸ್ಸನ್ನು ಇಳಿಸಿಕೊಂಡು, ಪ್ರತಿ ವಿಷಯದ ಐದು ಭಾಗಗಳಾದ ಮಾಡ್ಯೂಲ್‌ಗಳನ್ನು ಮುದ್ರಿಸಿ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಳ್ಳುವುದು ಒಳ್ಳೆಯದು. ಸ್ಕೀಮ್ ಕೆಲವು ವರ್ಷಗಳಿಗೊಮ್ಮೆ ಬದಲಾಗುವುದರಿಂದ ಸೀನಿಯರ್‌ಗಳು ಕೊಟ್ಟ ನೋಟ್ಸ್ ಅದೇ ಸ್ಕೀಮಿನದೇ ಎಂದು ನೋಡದೆ ನಂಬಬಾರದು. 2022ರ ಸ್ಕೀಮಿನಲ್ಲಿ ಗಣಿತವೇ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಎಂಬ ಗುಂಪುಗಳಿಗೆ ಬೇರೆ ಬೇರೆಯಾಗಿದೆ. ಕಂಪ್ಯೂಟರ್ ಸೈನ್ಸಿನವರಿಗೆ ಮಾಡ್ಯುಲರ್ ಅಂಕಗಣಿತ (ಶೇಷಗಳ ಲೆಕ್ಕ) ಇದೆ, ಸಿವಿಲ್‌ನವರಿಗೆ ಇಲ್ಲ.

ಅದೇ ಸ್ಕೀಮಿನ ಪ್ರಕಾರ ಮುಖ್ಯ ವಿಷಯಗಳಲ್ಲಿ ಕಾಲೇಜಿನ ಇಂಟರ್ನಲ್ಸ್‌ಗೆ 50, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50 ಅಂಕಗಳು. ಕೊನೆಯ ಪರೀಕ್ಷೆ ನಡೆಯುವುದು 100 ಅಂಕಗಳಿಗೆ, ಅದನ್ನು 50ಕ್ಕೆ ಇಳಿಸುತ್ತಾರೆ. ಪ್ರತಿ ಮಾಡ್ಯೂಲ್‌ನಿಂದ 20 ಅಂಕಗಳ ಎರಡು ಪ್ರಶ್ನೆಗಳಿರುತ್ತವೆ, ಒಂದನ್ನು ಪೂರ್ತಿಯಾಗಿ ಉತ್ತರಿಸಬೇಕು. ಇಂಟರ್ನಲ್ಸ್‌ನಲ್ಲಿ ಕನಿಷ್ಠ ಶೇ 40, ಕೊನೆಯ ಪರೀಕ್ಷೆಯಲ್ಲಿ ಕನಿಷ್ಠ ಶೇ 35, ಒಟ್ಟಾರೆ ಶೇ 40 ಬಂದರೆ ಪಾಸು. ಎರಡು ಮಾಡ್ಯೂಲ್ ಚೆನ್ನಾಗಿ ಮಾಡಿದರೆ ದಡ ಸೇರಬಹುದೆಂಬ ಲೆಕ್ಕಾಚಾರ ಹುಟ್ಟುವುದು ಇಲ್ಲಿಂದಲೇ. ಆ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಹಾಗೆ ಬಿಟ್ಟ ಮಾಡ್ಯೂಲ್ ಸಾಮಾನ್ಯವಾಗಿ ಕಷ್ಟದ್ದೇ ಆಗಿರುತ್ತದೆ, ಮುಂದಿನ ಸೆಮಿಸ್ಟರ್‌ನ ವಿಷಯ ನಿಂತಿರುವುದೂ ಹೆಚ್ಚಾಗಿ ಅದರ ಮೇಲೆಯೇ. ಅಡಿಪಾಯದ ಪತ್ರಿಕೆಗಳಲ್ಲಿ ಐದೂ ಮಾಡ್ಯೂಲ್ ಓದಬೇಕು. ಆಯ್ಕೆಯ ಅವಕಾಶವನ್ನು ಮಾಡ್ಯೂಲಿನ ಒಳಗೆ ಮಾತ್ರ ಬಳಸಿಕೊಳ್ಳಬೇಕು.

ಗಣಿತ

ಮೊದಲ ಸೆಮಿಸ್ಟರ್‌ನ ಗಣಿತದಲ್ಲಿ ಫೇಲಾಗುವವರ ಉತ್ತರ ಪತ್ರಿಕೆಗಳಲ್ಲಿ ಎಡವಟ್ಟು ಕಾಣುವುದು ಹೊಸ ಪಾಠದಲ್ಲಲ್ಲ, ಪಿಯುಸಿಯ ಪಾಠದಲ್ಲಿ. ಆಂಶಿಕ ಅವಕಲನದ ಸೂತ್ರವನ್ನು ಸರಿಯಾಗಿ ಬರೆದವರು ಲಾಗರಿದಮ್ ಬಿಡಿಸುವಾಗ ತಪ್ಪುತ್ತಾರೆ; ಅನುಕಲನದ ಕ್ರಮ ಗೊತ್ತಿದ್ದವರಿಗೆ ಪಾರ್ಷಿಯಲ್ ಫ್ರ್ಯಾಕ್ಷನ್ ಮರೆತಿರುತ್ತದೆ. ಆದ್ದರಿಂದ ಮೊದಲ ಎರಡು ವಾರ ಹೊಸದನ್ನು ಬಿಟ್ಟು ಹಳೆಯದನ್ನು ತಿದ್ದಿಕೊಳ್ಳಬೇಕು: ತ್ರಿಕೋನಮಿತಿಯ ಸೂತ್ರಗಳು, ಅವಕಲನದ ಚೈನ್ ರೂಲ್, ಪ್ರಮಾಣಿತ ಅನುಕಲಗಳು, ಭಾಗಶಃ ಅನುಕಲನ, ಡಿಟರ್ಮಿನೆಂಟ್. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2018ರ ಮಾದರಿ ಪಠ್ಯಕ್ರಮದಲ್ಲಿ ಮೂರು ವಾರಗಳ ಪರಿಚಯ ಕಾರ್ಯಕ್ರಮವನ್ನು ಸೂಚಿಸಿದ್ದು, ಅನೇಕ ಕಾಲೇಜುಗಳು ಅದನ್ನು ಒಂದಲ್ಲ ಒಂದು ರೂಪದಲ್ಲಿ ನಡೆಸುತ್ತವೆ. ಭಾಷಣಗಳ ನಡುವೆ ಸಿಗುವ ಆ ಬಿಡುವಿಗಿಂತ ಒಳ್ಳೆಯ ಸಮಯ ಈ ಕೆಲಸಕ್ಕೆ ಮತ್ತೆ ಸಿಗದು.

ಲೆಕ್ಕ ಮಾಡುವ ಕ್ರಮದಲ್ಲೂ ಒಂದು ಶಿಸ್ತು ಬೇಕು. ಬಿಡಿಸಿದ ಉದಾಹರಣೆಯನ್ನು ಓದುವಾಗ ಪ್ರತಿ ಸಾಲೂ ಸಹಜವೆನಿಸುವುದರಿಂದ ‘ಗೊತ್ತಾಯಿತು’ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಒಮ್ಮೆ ಓದಿ ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ಪ್ರಶ್ನೆಯಿಂದ ಆರಂಭಿಸಬೇಕು. ತಡೆದಾಗ ಪುಸ್ತಕ ತೆರೆದು ಆ ಒಂದು ಸಾಲನ್ನಷ್ಟೇ ನೋಡಿ ಮತ್ತೆ ಮುಚ್ಚಬೇಕು. ಯಾವ ಸಾಲಿನಲ್ಲಿ ತಡೆಯಿತೋ ಅದಕ್ಕೆ ಅಂಚಿನಲ್ಲಿ ಗುರುತು ಹಾಕಬೇಕು. ಇಂಟರ್ನಲ್ಸ್‌ಗೆ ಮುಂಚೆ ಇಡೀ ನೋಟ್ಸ್ ತಿರುವುವ ಬದಲು ಗುರುತು ಹಾಕಿದ ಲೆಕ್ಕಗಳನ್ನು ಮಾತ್ರ ಮತ್ತೆ ಮಾಡಿದರೆ ಸಾಕು.

ಗಣಿತದ ಯಾವ ಪಾಠ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದನ್ನು ಕ್ಲಾಸಿನಲ್ಲಿ ಹೇಳುವುದು ಅಪರೂಪ, ಹಾಗಾಗಿ ಅದನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಾಗುತ್ತದೆ. ಮೊದಲ ದರ್ಜೆಯ ಅವಕಲ ಸಮೀಕರಣವನ್ನು ತೆಗೆದುಕೊಳ್ಳೋಣ. 1 ಕಿಲೋ ಓಮ್ ರೆಸಿಸ್ಟರ್ ಮತ್ತು 100 ಮೈಕ್ರೊಫ್ಯಾರಡ್ ಕೆಪಾಸಿಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ 5 ವೋಲ್ಟ್ ಕೊಟ್ಟರೆ, ಎರಡರ ಗುಣಲಬ್ಧವಾದ 0.1 ಸೆಕೆಂಡ್ ಆ ಮಂಡಲದ ಟೈಮ್ ಕಾನ್‌ಸ್ಟಂಟ್. ಅಷ್ಟು ಹೊತ್ತಿಗೆ ಕೆಪಾಸಿಟರ್ ಪೂರ್ಣ ವೋಲ್ಟೇಜಿನ ಶೇ 63.2ರಷ್ಟು, ಅಂದರೆ ಸುಮಾರು 3.16 ವೋಲ್ಟ್ ತಲುಪುತ್ತದೆ. ಅದರ ಐದು ಪಟ್ಟು ಸಮಯದಲ್ಲಿ, ಅರ್ಧ ಸೆಕೆಂಡಿಗೆ, 4.97 ವೋಲ್ಟ್. ಸಮೀಕರಣವನ್ನು ಬಿಡಿಸಿ ಈ ಮೂರು ಸಂಖ್ಯೆಗಳನ್ನು ತಾವೇ ಪಡೆದವರಿಗೆ, ಗಣಿತದ ಪುಸ್ತಕದಲ್ಲಿ ಬರುವ ನ್ಯೂಟನ್ನನ ತಂಪಾಗುವಿಕೆಯ ನಿಯಮವೂ ಇದೇ ಸಮೀಕರಣವೆಂಬುದು ಬೇಗನೆ ಹೊಳೆಯುತ್ತದೆ: ವೋಲ್ಟೇಜಿನ ಜಾಗದಲ್ಲಿ ಉಷ್ಣತೆಯ ವ್ಯತ್ಯಾಸ ಬಂದಿದೆ, ಅಷ್ಟೆ. ಹೀಗೆ ಒಂದು ಸಲ ಕಂಡವರು ಎರಡು ವಿಷಯಗಳಲ್ಲಿ ಎರಡು ಸೂತ್ರಗಳನ್ನು ಉರುಹೊಡೆಯುವ ಕಷ್ಟದಿಂದ ಪಾರಾಗುತ್ತಾರೆ. ಇದೇ ರೀತಿಯಲ್ಲಿ ಮಾತೃಕೆಗಳೂ ಐಗನ್ ಮೌಲ್ಯಗಳೂ ಕಂಪನಗಳ ಅಧ್ಯಯನಕ್ಕೂ ಮೆಷಿನ್ ಲರ್ನಿಂಗ್‌ಗೂ ಒದಗುತ್ತವೆ. ಸದಿಶ ಕಲನಶಾಸ್ತ್ರವಿಲ್ಲದೆ ಎಲೆಕ್ಟ್ರಾನಿಕ್ಸ್‌ನವರ ವಿದ್ಯುತ್ಕಾಂತೀಯ ಕ್ಷೇತ್ರಗಳ ಪತ್ರಿಕೆಯನ್ನು ತೆರೆಯಲೂ ಆಗದು. ಮಾಡ್ಯುಲರ್ ಅಂಕಗಣಿತ ಆರ್‌ಎಸ್‌ಎ ಗೂಢಲಿಪಿಯ ಬುನಾದಿ.

ಕ್ಯಾಲ್ಕುಲೇಟರ್ ಬಗ್ಗೆಯೂ ಒಂದು ಮಾತು. 30 ಡಿಗ್ರಿಯ ಸೈನ್ ಬೆಲೆ 0.5 ಬರುವ ಬದಲು ಋಣ 0.988 ಬಂದರೆ ಯಂತ್ರ ರೇಡಿಯನ್‌ನಲ್ಲಿದೆ. ಪರೀಕ್ಷಾ ಕೊಠಡಿಯಲ್ಲಿ ಕುಳಿತ ಕೂಡಲೇ ಇದನ್ನೊಮ್ಮೆ ಒತ್ತಿ ನೋಡುವ ಅಭ್ಯಾಸವಿರಲಿ.

ಮೆಕ್ಯಾನಿಕ್ಸ್: ಚಿತ್ರ ಮೊದಲು, ಸೂತ್ರ ಆಮೇಲೆ

ಮೆಕ್ಯಾನಿಕ್ಸ್‌ನಲ್ಲಿ ಸೂತ್ರಗಳು ಬೆರಳೆಣಿಕೆಯಷ್ಟು. ಅಡ್ಡ ಬಲಗಳ ಮೊತ್ತ ಸೊನ್ನೆ, ಲಂಬ ಬಲಗಳ ಮೊತ್ತ ಸೊನ್ನೆ, ಯಾವುದೇ ಬಿಂದುವಿನ ಸುತ್ತ ಮೊಮೆಂಟ್‌ಗಳ ಮೊತ್ತ ಸೊನ್ನೆ; ಸ್ಟ್ಯಾಟಿಕ್ಸ್‌ನ ಬಹುಪಾಲು ಇಷ್ಟರಲ್ಲೇ ಇದೆ. ಆದರೂ ಇದು ಕಷ್ಟದ ವಿಷಯವೆಂದು ಹೆಸರಾಗಿರುವುದು ಫ್ರೀ ಬಾಡಿ ಡಯಾಗ್ರಂ (ವಸ್ತುವನ್ನು ಬೇರೆಮಾಡಿ ಅದರ ಮೇಲಿನ ಬಲಗಳನ್ನಷ್ಟೇ ತೋರಿಸುವ ಚಿತ್ರ) ಬರೆಯುವ ತಾಳ್ಮೆ ಇಲ್ಲದ ಕಾರಣಕ್ಕೆ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. 600 ನ್ಯೂಟನ್ ತೂಕವನ್ನು ಎರಡು ಹಗ್ಗಗಳಿಂದ ಚಾವಣಿಗೆ ತೂಗುಹಾಕಿದೆ. ಎಡಗಡೆಯ ಹಗ್ಗ ಅಡ್ಡರೇಖೆಗೆ 30 ಡಿಗ್ರಿ, ಬಲಗಡೆಯದು 60 ಡಿಗ್ರಿ ಕೋನದಲ್ಲಿದೆ. ಮೊದಲು ಚಾವಣಿಯನ್ನು ಮರೆತು, ಮೂರೂ ಸೇರುವ ಗಂಟನ್ನು ಮಾತ್ರ ಒಂದು ಚುಕ್ಕೆಯಾಗಿ ಬರೆಯಬೇಕು. ಅದರಿಂದ ಹೊರಡುವ ಮೂರು ಬಾಣಗಳು: ಕೆಳಕ್ಕೆ 600, ಎಡ-ಮೇಲಕ್ಕೆ ಒಂದು ಸೆಳೆತ, ಬಲ-ಮೇಲಕ್ಕೆ ಇನ್ನೊಂದು. ಹಗ್ಗ ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲವಾದ್ದರಿಂದ ಬಾಣಗಳು ಗಂಟಿನಿಂದ ಹೊರಮುಖವಾಗಿಯೇ ಇರಬೇಕು. ಎರಡು ಹಗ್ಗಗಳ ನಡುವಿನ ಕೋನ 90 ಡಿಗ್ರಿ ಆಗುವುದರಿಂದ ಮೂರು ಬಲಗಳ ಸಮತೋಲಕ್ಕೆ ಅನ್ವಯಿಸುವ ಲ್ಯಾಮಿಯ ಪ್ರಮೇಯದಿಂದ ಎಡ ಹಗ್ಗದ ಸೆಳೆತ 300 ನ್ಯೂಟನ್, ಬಲ ಹಗ್ಗದ್ದು 519.6 ನ್ಯೂಟನ್ ಎಂದು ಎರಡೇ ಸಾಲಿನಲ್ಲಿ ಬರುತ್ತದೆ.

ಇಲ್ಲಿಗೆ ಪೆನ್ನು ಇಡಬಾರದು. ಲಂಬ ಭಾಗಗಳನ್ನು ಕೂಡಿ ನೋಡಿದರೆ 150 ಮತ್ತು 450 ಸೇರಿ 600 ಆಗುತ್ತದೆ. ಅಡ್ಡ ಭಾಗಗಳು ಎರಡೂ ಕಡೆ 259.8 ಬಂದು ಒಂದನ್ನೊಂದು ಹೊಡೆದುಹಾಕುತ್ತವೆ. ಹೆಚ್ಚು ನೆಟ್ಟಗಿರುವ ಹಗ್ಗವೇ ಹೆಚ್ಚು ಭಾರ ಹೊತ್ತಿದೆ, ಅದು ಬುದ್ಧಿಗೂ ಒಪ್ಪುತ್ತದೆ. ಈ ತಾಳೆ ನೋಡುವ ಕೆಲಸಕ್ಕೆ ಅರ್ಧ ನಿಮಿಷ ಸಾಕು. ಕೋನಗಳನ್ನು ಅದಲುಬದಲು ಮಾಡಿಕೊಂಡವರು ತಮ್ಮ ತಪ್ಪನ್ನು ಕಂಡುಕೊಳ್ಳುವುದು ಇಲ್ಲಿಯೇ.

ಸೆಂಟ್ರಾಯ್ಡ್ (ಆಕಾರದ ಕೇಂದ್ರಬಿಂದು) ಮತ್ತು ಮೊಮೆಂಟ್ ಆಫ್ ಇನರ್ಶಿಯಾ (ಬಾಗುವಿಕೆಯನ್ನು ತಡೆಯುವ ಆಕಾರದ ಗುಣ) ಭಾಗವನ್ನು ಕೋಷ್ಟಕ ತುಂಬಿಸುವ ಲೆಕ್ಕವೆಂದು ಕಡೆಗಣಿಸುವುದುಂಟು. 50 ಮಿಲಿಮೀಟರ್ ಅಗಲ, 200 ಮಿಲಿಮೀಟರ್ ಎತ್ತರವಾಗಿ ನಿಲ್ಲಿಸಿದ ತೊಲೆಯ ಮೊಮೆಂಟ್ ಆಫ್ ಇನರ್ಶಿಯಾ, ಅದನ್ನೇ ಮಲಗಿಸಿದಾಗ ಬರುವುದಕ್ಕಿಂತ 16 ಪಟ್ಟು ಹೆಚ್ಚು. ಎತ್ತರದ ಘನ ಸೂತ್ರದಲ್ಲಿ ಬರುವುದೇ ಇದಕ್ಕೆ ಕಾರಣ. ನಮ್ಮ ಹಳೆಯ ಮನೆಗಳ ಮಾಡಿನಲ್ಲಿ ಜಂತಿಗಳನ್ನು ನಿಲ್ಲಿಸಿ ಕೂರಿಸಿರುವುದನ್ನು ನೋಡಿದವರಿಗೆ ಈ 16 ಏನೆಂದು ವಿವರಿಸಬೇಕಿಲ್ಲ. ಸಿವಿಲ್ ಮತ್ತು ಮೆಕ್ಯಾನಿಕಲ್‌ನವರಿಗೆ ಮುಂದೆ ಬರುವ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನ ಬಾಗುವಿಕೆಯ ಪಾಠ ಈ ಕೋಷ್ಟಕದಿಂದಲೇ ಆರಂಭವಾಗುತ್ತದೆ.

ಡ್ರಾಯಿಂಗ್

ಈಗ ಡ್ರಾಯಿಂಗ್ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಮಾಡಬೇಕಾಗಿದ್ದರೂ, ಸಾಫ್ಟ್‌ವೇರ್ ಗೆರೆ ಎಳೆಯುತ್ತದೆಯೇ ಹೊರತು ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ಕೊಡುವುದಿಲ್ಲ. ಭಾರತದಲ್ಲಿ ಬಳಕೆಯಲ್ಲಿರುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್. ಅದರಲ್ಲಿ ಮೇಲ್ನೋಟ ಮುನ್ನೋಟದ ಕೆಳಗೆ ಬರುತ್ತದೆ. ಅಮೆರಿಕದ ಪಾಠಗಳನ್ನು ಯೂಟ್ಯೂಬಿನಲ್ಲಿ ನೋಡಿ ಕಲಿತವರು ಥರ್ಡ್ ಆ್ಯಂಗಲ್ ಕ್ರಮದಲ್ಲಿ ಮೇಲ್ನೋಟವನ್ನು ಮೇಲೆ ಇಟ್ಟು ಅಂಕ ಕಳೆದುಕೊಳ್ಳುತ್ತಾರೆ.

ಓರೆಯಾಗಿ ನಿಂತ ಪಂಚಕೋನದ ತಗಡಿನಂಥ ಪ್ರಶ್ನೆಯನ್ನು ಮೂರು ಹಂತದಲ್ಲಿ ಬಿಡಿಸಬೇಕು. ಮೊದಲು ತಗಡು ಅಡ್ಡ ಸಮತಲದ ಮೇಲೆ ಮಲಗಿದೆಯೆಂದು ಭಾವಿಸಿ ಮೇಲ್ನೋಟದಲ್ಲಿ ನಿಜ ಆಕಾರವನ್ನು ಬರೆಯಬೇಕು. ಆಗ ಮುನ್ನೋಟ ಒಂದು ಗೆರೆ ಮಾತ್ರ. ಎರಡನೆಯ ಹಂತದಲ್ಲಿ ಆ ಗೆರೆಯನ್ನು ಕೊಟ್ಟ ಕೋನಕ್ಕೆ ಎತ್ತಿ, ಕುಗ್ಗಿದ ಮೇಲ್ನೋಟವನ್ನು ಪಡೆಯಬೇಕು. ಮೂರನೆಯದರಲ್ಲಿ ಮೇಲ್ನೋಟವನ್ನು ಆಕಾರ ಕೆಡಿಸದೆ ಎರಡನೆಯ ಕೋನಕ್ಕೆ ತಿರುಗಿಸಿ, ಕೊನೆಯ ಮುನ್ನೋಟಕ್ಕೆ ಇಳಿಬಿಡಬೇಕು. ಮೂಲೆಗಳಿಗೆ ಮೊದಲ ಹಂತದಿಂದಲೇ ಅಕ್ಷರ ಕೊಟ್ಟು ಕೊನೆಯವರೆಗೆ ಅವೇ ಅಕ್ಷರಗಳನ್ನು ಉಳಿಸಿಕೊಂಡರೆ ಗೊಂದಲ ಮುಕ್ಕಾಲು ಪಾಲು ಇಳಿಯುತ್ತದೆ. ಮನಸ್ಸಿಗೆ ಕಾಣದಿದ್ದಾಗ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಪಂಚಕೋನ ಕತ್ತರಿಸಿ ಮೇಜಿನ ಮೇಲೆ ಹಿಡಿದು ನೋಡುವುದರಲ್ಲಿ ನಾಚಿಕೆಯಿಲ್ಲ. ಲ್ಯಾಬಿಗೆ ಹೋಗುವ ಮುನ್ನ ಕೈಯಲ್ಲೊಮ್ಮೆ ಸ್ಕೆಚ್ ಬರೆದುಕೊಂಡು ಹೋಗುವವರು ಕಂಪ್ಯೂಟರಿನ ಮುಂದೆ ಅರ್ಧ ಸಮಯದಲ್ಲಿ ಮುಗಿಸುತ್ತಾರೆ.

ಸಿ ಪ್ರೋಗ್ರಾಮಿಂಗ್

ಲ್ಯಾಬ್ ಪರೀಕ್ಷೆಗೆ ಪಟ್ಟಿಯಲ್ಲಿರುವ ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡಿ ಬರೆಯುವ ಪದ್ಧತಿ ಎಷ್ಟು ಬೇರೂರಿದೆಯೆಂದರೆ, ಒಂದು ವೇರಿಯಬಲ್‌ನ ಹೆಸರು ಬದಲಿಸಿ ಕೇಳಿದರೂ ಕೆಲವರ ಕೈ ನಿಲ್ಲುತ್ತದೆ. ಬದಲಿಗೆ ಡ್ರೈ ರನ್ ಕಲಿಯಬೇಕು: ಹಾಳೆಯಲ್ಲಿ ಪ್ರತಿ ವೇರಿಯಬಲ್‌ಗೆ ಒಂದು ಕಾಲಂ ಹಾಕಿ, ಪ್ರೋಗ್ರಾಮಿನ ಒಂದೊಂದು ಸಾಲಿಗೂ ಬೆಲೆ ಹೇಗೆ ಬದಲಾಗುತ್ತದೆಂದು ಕೈಯಲ್ಲಿ ಬರೆದು, ಕೊನೆಗೆ ಯಂತ್ರದ ಉತ್ತರದೊಡನೆ ಹೋಲಿಸಬೇಕು.

ಫ್ಯಾರನ್‌ಹೀಟ್ ಉಷ್ಣತೆಯನ್ನು ಸೆಲ್ಸಿಯಸ್‌ಗೆ ಬದಲಿಸುವ ನಾಲ್ಕು ಸಾಲಿನ ಪ್ರೋಗ್ರಾಮನ್ನೇ ನೋಡಿ. 98.6 ಕೊಟ್ಟರೆ 37 ಬರಬೇಕು. ಆದರೆ ಪುಸ್ತಕದ ಸೂತ್ರದಂತೆ 5/9 ಎಂದು ಮೊದಲು ಬರೆದು ಆಮೇಲೆ ಗುಣಿಸಿದರೆ ಏನೇ ಕೊಟ್ಟರೂ ಸೊನ್ನೆಯೇ ಬರುತ್ತದೆ, ಏಕೆಂದರೆ ಸಿ ಭಾಷೆಯಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದಾಗ ದಶಮಾಂಶ ಭಾಗ ಬಿದ್ದುಹೋಗುತ್ತದೆ. 5.0/9 ಎಂದು ಒಂದು ಚುಕ್ಕೆ ಸೇರಿಸಿದರೆ ಸರಿಹೋಗುತ್ತದೆ. ಕಂಪೈಲರ್ ಇದನ್ನು ತಪ್ಪೆಂದು ತಡೆಯುವುದಿಲ್ಲ, ಆದ್ದರಿಂದ ಉತ್ತರ ಗೊತ್ತಿರುವ ಒಂದು ಬೆಲೆಯನ್ನು ಕೊಟ್ಟು ಪರೀಕ್ಷಿಸದೆ ಯಾವ ಪ್ರೋಗ್ರಾಮನ್ನೂ ಮುಗಿಯಿತೆಂದು ಭಾವಿಸಬಾರದು. ಪಾಯಿಂಟರ್ ಅಧ್ಯಾಯವನ್ನು ಹೆದರಿ ಬಿಡುವವರು ಹೆಚ್ಚು; ಅದನ್ನು ಬಿಟ್ಟವರಿಗೆ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಲಿಂಕ್ಡ್ ಲಿಸ್ಟ್ ತಲೆಗೆ ಹತ್ತುವುದಿಲ್ಲ.

ಭೌತಶಾಸ್ತ್ರ, ರಸಾಯನಶಾಸ್ತ್ರ, ಉಳಿದವು

ಭೌತಶಾಸ್ತ್ರದ ಥಿಯರಿಯಲ್ಲಿ ಲೇಸರ್, ಆಪ್ಟಿಕಲ್ ಫೈಬರ್, ಕ್ವಾಂಟಂ ಮೆಕ್ಯಾನಿಕ್ಸ್ ಭಾಗಗಳ ಡೆರಿವೇಷನ್‌ಗಳನ್ನು ಬರೆದು ಕಲಿತರೆ ಸಾಕಷ್ಟು ಅಂಕ ಬರುತ್ತದೆ. ನಿಜವಾಗಿ ಕಲಿಯಲು ಸಿಗುವುದು ಲ್ಯಾಬಿನಲ್ಲಿ. ಎಲ್‌ಇಡಿಗಳಿಂದ ಪ್ಲಾಂಕ್ ಸ್ಥಿರಾಂಕ ಕಂಡುಹಿಡಿಯುವ ಪ್ರಯೋಗದಲ್ಲಿ ಪ್ರತಿ ಬಣ್ಣದ ಎಲ್‌ಇಡಿ ಹೊತ್ತಿಕೊಳ್ಳುವ ವೋಲ್ಟೇಜನ್ನು ತರಂಗಾಂತರದ ವಿಲೋಮಕ್ಕೆದುರಾಗಿ ಗ್ರಾಫಿನಲ್ಲಿ ಗುರುತಿಸಿದಾಗ, ರೇಖೆಯ ಇಳಿಜಾರು 1.24 ಮೈಕ್ರೊವೋಲ್ಟ್-ಮೀಟರ್‌ನ ಆಸುಪಾಸಿನಲ್ಲಿ ಬರಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೆ ಸಹಜ. ಸಾವಿರ ಪಟ್ಟು ವ್ಯತ್ಯಾಸ ಬಂದರೆ ನ್ಯಾನೊಮೀಟರನ್ನು ಮೀಟರಿಗೆ ಬದಲಿಸುವಲ್ಲಿ ಎಡವಿದೆಯೆಂದರ್ಥ. ಇಡೀ ಬ್ಯಾಚಿನ ರೆಕಾರ್ಡಿನಲ್ಲಿ ಪುಸ್ತಕದ ಬೆಲೆಯೇ ಮೂರು ದಶಮಾಂಶದವರೆಗೂ ಬಂದಿರುವುದನ್ನು ಕಂಡಾಗ ಅಧ್ಯಾಪಕರಿಗೆ ಸಂತೋಷವಾಗುವುದಿಲ್ಲ. ಅಬ್ಸರ್ವೇಷನ್ ಬುಕ್ಕಿನಲ್ಲಿ ರೀಡಿಂಗ್‌ಗಳನ್ನು ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಅಳಿಸಬಾರದು. ವೈವಾದಲ್ಲಿ ಕೇಳುವ ಪ್ರಶ್ನೆಗಳು ಬಹಳ ಸಲ ಆ ಗೆರೆ ಎಳೆದ ಸಂಖ್ಯೆಗಳ ಬಗ್ಗೆಯೇ ಇರುತ್ತವೆ.

ವಿದ್ಯುತ್ ಪಾಠದಲ್ಲಿ ಕಿರ್ಖಾಫನ ಎರಡು ನಿಯಮಗಳು ಕೈಗೆ ಬಂದರೆ ಡಿಸಿ ಭಾಗ ಮುಗಿದಂತೆ. ಎಸಿ ಭಾಗಕ್ಕೆ ಬಂದಾಗ, ಮನೆಯ ಪ್ಲಗ್ಗಿನ 230 ವೋಲ್ಟ್ ಎಂಬುದು ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಬೆಲೆಯೆಂದೂ ಅದರ ಶಿಖರ ಸುಮಾರು 325 ವೋಲ್ಟ್ ಎಂದೂ ಮನದಟ್ಟಾಗದೆ, ಎಸಿ ಬೆಲೆಗಳನ್ನು ಬಾಣಗಳಾಗಿ ತೋರಿಸುವ ಫೇಸರ್‌ಗೆ ಹೋಗಬಾರದು.

ರಸಾಯನಶಾಸ್ತ್ರದಲ್ಲಿ ಬ್ಯಾಟರಿ, ತುಕ್ಕು, ಪಾಲಿಮರ್ ಅಧ್ಯಾಯಗಳನ್ನು ರೇಖಾಚಿತ್ರ ಮತ್ತು ಸಮೀಕರಣಗಳ ಸಮೇತ ಒಂದೊಂದು ಪುಟಕ್ಕೆ ಇಳಿಸಿಕೊಂಡರೆ ಸಾಕು. ಸಂವಿಧಾನ, ಕನ್ನಡದಂಥ ಸಣ್ಣ ಪತ್ರಿಕೆಗಳಿಗೆ ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ. ಅವಕ್ಕೆ ಗಣಿತದ ಹೊತ್ತನ್ನು ಕೊಡುವುದು ಬೇಡ. ಹಾಜರಾತಿಯನ್ನು ಮಾತ್ರ ಕಳೆದುಕೊಳ್ಳಬಾರದು.

ಕನ್ನಡ ಮಾಧ್ಯಮದಿಂದ ಬಂದವರಿಗೆ, ಡಿಪ್ಲೊಮಾದಿಂದ ಬಂದವರಿಗೆ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊಂದಿಕೊಂಡಿದ್ದರೂ, ಮೊದಲ ಸೆಮಿಸ್ಟರ್‌ನ ವೇಗಕ್ಕೆ ಮತ್ತೆ ತತ್ತರಿಸುವುದುಂಟು. ವ್ಯಾಖ್ಯೆಗಳನ್ನು ಪರೀಕ್ಷೆ ಬರೆಯುವ ಭಾಷೆಯಲ್ಲೇ ಬರೆದುಕೊಂಡು, ಅದರ ಕೆಳಗೆ ಅರ್ಥವನ್ನು ತಮ್ಮ ಕನ್ನಡದಲ್ಲಿ ಎರಡು ಸಾಲು ಬರೆದುಕೊಳ್ಳುವುದು ಫಲ ಕೊಡುವ ಕ್ರಮ. ಎಐಸಿಟಿಇಯ ಇ-ಕುಂಭ್ ಜಾಲತಾಣದಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಸಿಗುತ್ತವೆ. ಅವನ್ನು ಪರೀಕ್ಷೆಗೆಂದಲ್ಲದಿದ್ದರೂ, ಕ್ಲಾಸಿನಲ್ಲಿ ಅರ್ಥವಾಗದೆ ಉಳಿದದ್ದನ್ನು ಬಿಡಿಸಿಕೊಳ್ಳಲು ಬಳಸಬಹುದು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ವಿಡಿಯೊ ಪಾಠಗಳು ಆಳವಾಗಿವೆ, ಆದರೆ ಉದ್ದವೂ ಹೌದು. ಸೆಮಿಸ್ಟರ್ ನಡುವೆ ಇಡೀ ಕೋರ್ಸ್ ನೋಡಲು ಹೊರಡದೆ, ತಡೆದ ವಿಷಯದ ಒಂದು ಪಾಠವನ್ನು ಹುಡುಕಿ ನೋಡುವುದು ಜಾಣತನ.

ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಬರುವವರಿಗೆ ಮೊದಲ ವರ್ಷದ ಪತ್ರಿಕೆಗಳೇ ಇರುವುದಿಲ್ಲ. ಲ್ಯಾಬಿನಲ್ಲಿ, ಡ್ರಾಯಿಂಗಿನಲ್ಲಿ ಇವರ ಕೈ ಪಳಗಿರುತ್ತದೆ, ಪಿಯುಸಿಯಿಂದ ಬಂದವರಿಗಿಂತ ಎಷ್ಟೋ ಮೇಲು. ಕೊರತೆಯಿರುವುದು ಕಲನಶಾಸ್ತ್ರದಲ್ಲಿ. ಪ್ರವೇಶ ಖಚಿತವಾದ ದಿನದಿಂದ ಕ್ಲಾಸ್ ಆರಂಭವಾಗುವವರೆಗಿನ ವಾರಗಳಲ್ಲಿ ಮೊದಲ ವರ್ಷದ ಎರಡೂ ಗಣಿತ ಪತ್ರಿಕೆಗಳಿಂದ ಅವಕಲ ಸಮೀಕರಣ, ಆಂಶಿಕ ಅವಕಲನ, ದ್ವಿಗುಣ ಅನುಕಲನ, ಮಾತೃಕೆ ಇವಿಷ್ಟನ್ನು ಮಾಡಿಕೊಂಡರೆ ಮುಂದಿನ ಗಣಿತದಲ್ಲಿ ಲ್ಯಾಪ್ಲಾಸ್, ಫೋರಿಯರ್ ಪಾಠಗಳು ಬಂದಾಗ ಕೈಕಟ್ಟಿದಂತಾಗುವುದಿಲ್ಲ.

ಒಂದು ವಿಷಯ ಬ್ಯಾಕ್ ಉಳಿದರೆ, ಫಲಿತಾಂಶ ಬಂದ ವಾರದಲ್ಲೇ ಉತ್ತರ ಪತ್ರಿಕೆಯ ಫೋಟೊಕಾಪಿ ತರಿಸಿಕೊಂಡು ಎಲ್ಲಿ ಅಂಕ ಹೋಗಿದೆಯೆಂದು ನೋಡಬೇಕು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕೇ ಬೇಡವೇ ಎಂಬ ತೀರ್ಮಾನವನ್ನೂ ಅದನ್ನು ನೋಡಿದ ಮೇಲೆಯೇ ಮಾಡಬೇಕು. ಮರುಪರೀಕ್ಷೆಗೆ ಮತ್ತೆ ಐದೂ ಮಾಡ್ಯೂಲ್‌ಗಳನ್ನು ಮೊದಲಿನಿಂದ ಓದುವ ಬದಲು, ಅಂಕ ಹೋದ ಮಾಡ್ಯೂಲ್‌ಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು, 20 ಅಂಕದ ಒಂದು ಪ್ರಶ್ನೆಗೆ ಮೂವತ್ತೈದು ನಿಮಿಷದಂತೆ ಬರೆದು ಅಭ್ಯಾಸ ಮಾಡಬೇಕು. ಅದಕ್ಕಾಗಿ ನಡೆಯುತ್ತಿರುವ ಸೆಮಿಸ್ಟರ್‌ನ ದಿನಗಳನ್ನು ತಿನ್ನದೆ, ಭಾನುವಾರದ ಬೆಳಗಿನ ಮೂರು ಗಂಟೆಗಳನ್ನು ತೆಗೆದಿಟ್ಟರೆ ಮುಂದಿನ ಅವಕಾಶದಲ್ಲಿ ಮುಗಿಸಬಹುದು.